ನನ್ನ ಸಂದರ್ಶನಕ್ಕೆ ಅತ್ತಿ ಕುಳಿತ ದಿನ

ಬೀದರಿನ ಕಾಲೇಜು ಮೈದಾನದಲ್ಲಿ ಉದ್ಯೋಗ ಮೇಳ ನಡೆದಾಗ ನಾನು ನೇರವಾಗಿ ವಿಚಾರಣೆಯ ಮೇಜಿಗೆ ಹೋಗಿ, ವಿಡಿಯೊ ಗೇಮ್ ಮಾಡುವ ಕಂಪನಿ ಯಾವುದಾದರೂ ಬಂದಿದೆಯೇ ಎಂದು ಕೇಳಿದೆ. ಅಲ್ಲಿದ್ದವರು ಗೇಮ್ ಎಂಬ ಮಾತೊಂದನ್ನೇ ಹಿಡಿದು ಶಾಮಿಯಾನದ ಆ ತುದಿಗೆ ಕೈ ತೋರಿಸಿದರು. ಆ ತುದಿಯಲ್ಲಿ ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬರು ಕುಳಿತಿದ್ದರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎತ್ತರ ಸ್ವಲ್ಪ ಕಡಿಮೆ, ಆದರೂ ಕಬಡ್ಡಿಗೆ ನಡೆಯುತ್ತದೆ ಎಂದರು. ಕಬಡ್ಡಿ ಅಲ್ಲ, ಕಂಪ್ಯೂಟರಿನೊಳಗೆ ಆಡುವ ಆಟ ಮಾಡುವ ಕೆಲಸ ಬೇಕಿತ್ತು ಎಂದೆ. ಅವರು ಬಹಳ ಹೊತ್ತು ಯೋಚಿಸಿ, ಕಂಪ್ಯೂಟರಿನೊಳಗೆ ಆಡಿದರೆ ಮೈಗೆ ಏನು ಬಂತು ಎಂದು ಕೇಳಿದರು.

ಅದು ಮಳೆ ಕೈಕೊಟ್ಟ ಎರಡನೆಯ ವರ್ಷ. ನಾನು ಬೀದರಿನಲ್ಲೇ ಬಿಸಿಎ ಮುಗಿಸಿ, ಹಳೆ ಊರಿನ ಗಲ್ಲಿಯೊಂದರಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಮಧ್ಯಾಹ್ನ ವಿದ್ಯಾರ್ಥಿಗಳು ಇಲ್ಲದ ಹೊತ್ತಿನಲ್ಲಿ, ಪುಕ್ಕಟೆ ಸಿಗುವ ತಂತ್ರಾಂಶ ಇಳಿಸಿಕೊಂಡು ಆಟ ಕಟ್ಟುವುದನ್ನು ಕಲಿತೆ. ಕಲಿತೆ ಅನ್ನುವುದು ದೊಡ್ಡ ಮಾತಾಯಿತು. ಒಂದು ಚೆಂಡು ನೆಲಕ್ಕೆ ಬಿದ್ದು ಮತ್ತೆ ಪುಟಿಯುವಂತೆ ಮಾಡಲು ನನಗೆ ಇಡೀ ಒಂದು ಬೇಸಿಗೆ ಹಿಡಿಯಿತು, ಅದೂ ಮನಸ್ಸಾದರೆ ಪುಟಿಯುತ್ತಿತ್ತು, ಇಲ್ಲದಿದ್ದರೆ ನೆಲದೊಳಗೆ ಇಳಿದು ಹೋಗಿಬಿಡುತ್ತಿತ್ತು.

ಆ ವರ್ಷ ದೀಪಾವಳಿ ಆಗುತ್ತಲೇ ತರಗತಿಗಳು ತೆಳ್ಳಗಾಗತೊಡಗಿದವು. ಮೊದಲು ಹಿಂದಿನ ಬೆಂಚು ಖಾಲಿಯಾಯಿತು. ಅವರೆಲ್ಲಿ ಎಂದರೆ ಪುಣೆಗೆ ಹೋದರು ಎಂದರು. ಆಮೇಲೆ ಮಧ್ಯದ ಬೆಂಚಿನವರು ಅಪ್ಪ ಅವ್ವನ ಜೊತೆ ಹೈದರಾಬಾದಿಗೆ ಹೋದರು. ಮುಂದಿನ ಬೆಂಚಿನಲ್ಲಿ ಉಳಿದದ್ದು ಮಾಲೀಕರ ತಂಗಿಯ ಮಗಳು ಒಬ್ಬಳೇ. ಅವಳಿಗೂ ಕಂಪ್ಯೂಟರ್ ಎಂದರೆ ಆಗುತ್ತಿರಲಿಲ್ಲ. ಕೊನೆಗೆ ಮಾಲೀಕರು ಶಟರ್ ಎಳೆದರು. ಹೋಗುವಾಗ ನನಗೆ ಒಂದು ಹಳೆಯ ಲ್ಯಾಪ್‌ಟಾಪ್ ಕೊಟ್ಟರು. ಅದರ ಬ್ಯಾಟರಿ ಸತ್ತಿತ್ತು, ಮುಚ್ಚಳ ನೆಟ್ಟಗೆ ನಿಲ್ಲುತ್ತಿರಲಿಲ್ಲ. ಜೋಳದ ಹಿಟ್ಟಿನ ಡಬ್ಬಿಗೆ ಒರಗಿಸಿದರೆ ಮಾತ್ರ ಮುಖ ತೋರಿಸುತ್ತಿತ್ತು. ಅದನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ನಾನು ಭಾಲ್ಕಿಯ ಮನೆಗೆ ಬಂದೆ.

ಅಪ್ಪ ಬಸ್ ಕಂಡಕ್ಟರ್. ಭಾಲ್ಕಿ ಮತ್ತು ಔರಾದ ನಡುವಿನ ಗಾಡಿ ಅವನದು. ಆ ದಿನಗಳಲ್ಲಿ ಔರಾದಿನಿಂದ ಬರುವ ಬಸ್ಸಿನಲ್ಲಿ ಮನುಷ್ಯರಿಗಿಂತ ಗಂಟುಮೂಟೆ ಹೆಚ್ಚು. ಸ್ಟವ್, ಹಾಸಿಗೆ, ಕೋಳಿ ಎಲ್ಲ ಭಾಲ್ಕಿಯಲ್ಲಿ ಇಳಿದು, ರೈಲು ಹಿಡಿದು ಹೈದರಾಬಾದಿನ ಕಡೆ ಹೋಗುತ್ತಿದ್ದವು. ಒಂದು ದಿನ ಅದೇ ಬಸ್ಸಿನಿಂದ ಅಪ್ಪನ ಅಕ್ಕ ಇಳಿದಳು. ನಾವು ಅವಳನ್ನು ಅತ್ತಿ ಎಂದು ಕರೆಯುತ್ತೇವೆ. ಅವಳ ಇಬ್ಬರು ಗಂಡುಮಕ್ಕಳೂ ಸೊಸೆಯರೂ ಹೈದರಾಬಾದಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿದ್ದರು. ಮೊಣಕಾಲು ನೋವಿನ ಅತ್ತಿಯನ್ನು ಕರೆದೊಯ್ದಿರಲಿಲ್ಲ. ಔರಾದ ತಾಲ್ಲೂಕಿನ ಅವಳ ಊರಿನಲ್ಲಿ ಜಗಳ ಮಾಡಲೂ ಯಾರೂ ಉಳಿದಿಲ್ಲ, ಅದಕ್ಕೆ ಬಂದೆ ಎಂದು ಅವಳೇ ಹೇಳಿದಳು.

ನಮ್ಮ ಓಣಿಯಲ್ಲಿ ಆ ಕೊರತೆ ಇರಲಿಲ್ಲ. ಓಣಿಯ ತುದಿಯ ಬುದ್ಧವಿಹಾರದ ಮುಂದೆ ನೀರಿನ ಟ್ಯಾಂಕರ್ ಬಂದು ನಿಲ್ಲುತ್ತಿತ್ತು. ಅದು ಯಾವಾಗ ಬರುತ್ತದೆ ಎಂಬುದು ಅದರ ಡ್ರೈವರನಿಗೂ ಗೊತ್ತಿರುತ್ತಿರಲಿಲ್ಲವಾದ್ದರಿಂದ, ಜನ ತಮ್ಮ ಬದಲು ಕೊಡಗಳನ್ನು ಪಾಳಿಗೆ ಹಚ್ಚಿ ಮನೆಗೆ ಹೋಗುತ್ತಿದ್ದರು. ಕೊಡ ಎಲ್ಲಿ ನಿಂತಿದೆಯೋ ಅಲ್ಲಿ ನೀವು ನಿಂತಿದ್ದೀರಿ ಎಂದು ಲೆಕ್ಕ. ಮನೆಗೆ ಹೋಗಿ ಬೇಳೆ ತಿರುವಿ ಬರುವಷ್ಟರಲ್ಲಿ ಕೊಡ ಎರಡು ಹೆಜ್ಜೆ ಹಿಂದೆ ಸರಿದಿರುತ್ತಿತ್ತು. ಯಾರು ಸರಿಸಿದರು ಎಂದರೆ ಗಾಳಿ ಎನ್ನುತ್ತಿದ್ದರು.

ಕೈಯಲ್ಲಿ ಕೆಲಸವಿಲ್ಲ, ಕಣ್ಣೆದುರಿಗೆ ದಿನವೂ ಈ ಕೊಡಗಳ ಪಾಳಿ. ನಾನು ಇದನ್ನೇ ಆಟ ಮಾಡಿದೆ. ಆಡುವವರು ಕೊಡವನ್ನು ಪಾಳಿಗೆ ಹಚ್ಚಬೇಕು, ಮನೆಗೆ ಹೋಗಿ ಒಲೆ ನೋಡಬೇಕು, ಹೊತ್ತಿಗೆ ಸರಿಯಾಗಿ ಬಂದು ನೀರು ತುಂಬಿಕೊಳ್ಳಬೇಕು. ಬೇಳೆ ಹೊತ್ತಿದರೂ ಸೋಲು, ಟ್ಯಾಂಕರ್ ಹೋದರೂ ಸೋಲು. ತಾಳ್ಮೆಯಿಂದ ನಿಂತವರಿಗೆ ನೀರು ಸಿಗುವಂತೆ ಮಾಡಿದ್ದೆ. ನನ್ನ ಮನಸ್ಸಿನಲ್ಲಿ ಅದೊಂದು ನೀತಿಯುಳ್ಳ ಆಟವಾಗಿತ್ತು.

ಮೊದಲು ಆಡಲು ಸಿಕ್ಕಿದವಳು ಅತ್ತಿ. ಎರಡು ಗುಂಡಿ ಒತ್ತುವುದನ್ನು ಕಲಿಸಿದೆ. ಸ್ವಲ್ಪ ಹೊತ್ತು ಆಡಿ ನನ್ನ ಮುಖ ನೋಡಿದಳು.

"ಇದ್ರಾಗ ಮಂದಿ ಯಾಕ ಹಿಂಗ ಸುಮ್ನ ನಿಂತಾರ? ಎಲ್ಲಾರಿಗಿ ಆರಾಮಿಲ್ಲೇನು?"

ಅವರಿಗೆ ತಾಳ್ಮೆ ಇದೆ ಎಂದೆ. ಹಾಗಾದರೆ ಅವರು ಈ ಕಡೆಯವರಲ್ಲ ಎಂದು ಅತ್ತಿ ಎದ್ದು ಹೋದಳು. ನನಗೆ ಬಹಳ ಬೇಜಾರಾಯಿತು. ಮಾರನೆಯ ದಿನ ಕೂತು, ಪಕ್ಕದವರ ಕೊಡವನ್ನು ಹಿಂದಕ್ಕೆ ತಳ್ಳಲು ಮೂರನೆಯ ಗುಂಡಿಯೊಂದನ್ನು ಸೇರಿಸಿದೆ. ಅಂದಿನಿಂದ ಅತ್ತಿ ಲ್ಯಾಪ್‌ಟಾಪ್ ಬಿಟ್ಟು ಏಳಲಿಲ್ಲ. ಬೇಳೆ ಹೊತ್ತುವುದರ ಕಡೆ, ನೀರು ತುಂಬುವುದರ ಕಡೆ ಅವಳ ಲಕ್ಷ್ಯವೇ ಇರಲಿಲ್ಲ. ಬರೀ ತಳ್ಳುತ್ತಿದ್ದಳು.

ತೊಂದರೆ ಶುರುವಾದದ್ದು ಕೊಡದ ಬಣ್ಣದಿಂದ. ಆಟದಲ್ಲಿ ಪಕ್ಕದ ಕೊಡಕ್ಕೆ ನಾನು ನೀಲಿ ಬಣ್ಣ ಹಚ್ಚಿದ್ದೆ. ಪಕ್ಕದ ಮನೆಯಲ್ಲಿ ಬಳೆ ವ್ಯಾಪಾರದ ಅಕ್ಕ ಒಬ್ಬಳಿದ್ದಳು. ಅವಳ ಕೊಡವೂ ನೀಲಿ. ಒಂದು ಮಧ್ಯಾಹ್ನ ಅವಳು ಮೊಸರಿಗೆ ಹೆಪ್ಪು ಕೇಳಲು ಬಂದವಳು, ಅತ್ತಿ ನೀಲಿ ಕೊಡವನ್ನು ಪಾಳಿಯ ಕೊನೆಯವರೆಗೆ ದೂಡಿಕೊಂಡು ಹೋಗಿ ನಗುವುದನ್ನು ನೋಡಿದಳು. ಹೆಪ್ಪು ಒಯ್ಯದೆಯೇ ಹೋದಳು. ಮಾರನೆಯ ಬೆಳಿಗ್ಗೆ ಟ್ಯಾಂಕರಿನ ಮುಂದೆ, ಇಡೀ ಓಣಿ ಕೇಳುವಂತೆ, ಎದುರಿಗೆ ಅಕ್ಕ ಅಕ್ಕ ಅಂತಾರ, ಕಂಪ್ಯೂಟರದಾಗ ನಮ್ಮ ಕೊಡ ಒದೀತಾರ ಎಂದಳು. ಅತ್ತಿಯೂ ಬಿಡಲಿಲ್ಲ. ಒದ್ದಿಲ್ಲ, ಜರಾ ಸರಿಸಿದ್ದು, ಅದೂ ಅಲ್ಲಿ ಗಾಳಿ ಬಹಳ ಎಂದಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು.

ನಾನು ಹೋಗಿ ಕೊಡಕ್ಕೆ ಹಸಿರು ಬಣ್ಣ ಹಚ್ಚಿದೆ. ಎದುರು ಸಾಲಿನ ನಿವೃತ್ತ ಮಾಸ್ತರರ ಹೆಂಡತಿಯ ಕೊಡ ಹಸಿರಿನದು ಎಂದು ಅವತ್ತೇ ಸಂಜೆ ಗೊತ್ತಾಯಿತು. ಕೆಂಪು ಹಚ್ಚಿದರೆ ಇನ್ಯಾರದೋ. ಕೊನೆಗೆ ಭಾಲ್ಕಿಯ ಯಾವ ಅಂಗಡಿಯಲ್ಲೂ ಮಾರದಂಥ, ಚೌಕುಳಿ ಚೌಕುಳಿ ಬಣ್ಣದ ಕೊಡಗಳನ್ನು ಮಾಡಿ ಕೈ ತೊಳೆದುಕೊಂಡೆ. ನೋಡಲು ಲುಂಗಿ ಉಟ್ಟ ಕೊಡಗಳಂತಿದ್ದವು. ಹೈದರಾಬಾದಿನ ಒಂದು ಗೇಮ್ ಕಂಪನಿಯವರಿಗೆ ಆಮೇಲೆ ಬಹಳ ಹಿಡಿಸಿದ್ದು ಅದೇ. ಈ ಬಣ್ಣದ ಯೋಚನೆ ಎಲ್ಲಿಂದ ಬಂತು ಎಂದು ಕೇಳಿದರು. ಓಣಿಯಲ್ಲಿ ಶಾಂತಿ ಬೇಕಿತ್ತು ಎಂದು ನಿಜವನ್ನೇ ಹೇಳಿದೆ. ಅವರು ಅದನ್ನು ಯಾವುದೋ ದೊಡ್ಡ ಕಲಾತ್ಮಕ ಮಾತು ಎಂದು ತಿಳಿದರು.

ಆ ಕಂಪನಿಯನ್ನು ನಾನು ಅಂತರ್ಜಾಲದಲ್ಲಿ ಹುಡುಕಿ ಹಿಡಿದಿದ್ದೆ. ಆಟಗಳನ್ನು ಆಡಿ ಅವುಗಳಲ್ಲಿರುವ ತಪ್ಪು ಹುಡುಕುವವರು ಬೇಕಾಗಿದ್ದಾರೆ, ನೀವೇ ಮಾಡಿದ ಆಟವೇನಾದರೂ ಇದ್ದರೆ ಕಳಿಸಿ ಎಂದು ಹಾಕಿದ್ದರು. ಟ್ಯಾಂಕರ್ ಆಟ ಕಳಿಸಿದೆ. ವಾರ ಕಳೆದ ಮೇಲೆ, ವಿಡಿಯೊ ಕರೆಯಲ್ಲಿ ಸಂದರ್ಶನ ಮಾಡುತ್ತೇವೆ ಎಂದು ಉತ್ತರ ಬಂತು.

ಅಪ್ಪನಿಗೆ ಹೇಳಿದಾಗ ಅವನ ಮುಖ ಇಳಿಯಿತು. ಆನ್‌ಲೈನ್ ಇಸ್ಪೀಟಿನ ಜಾಹೀರಾತು ಡಿಪೊದಲ್ಲಿ ಎಲ್ಲರ ಫೋನಿನಲ್ಲೂ ಬರುತ್ತಿದ್ದ ಕಾಲ ಅದು. ಕಂಡಕ್ಟರನ ಮಗಳು ಜೂಜಿನ ಕಂಪನಿ ಸೇರುತ್ತಾಳಂತೆ ಎಂಬ ಸುದ್ದಿ ಔರಾದ ಬಸ್ ನಿಲ್ದಾಣದ ಚಹಾದ ಅಂಗಡಿಯವರೆಗೆ ಹೋಗಿ, ಅಲ್ಲಿಂದ ಅಪ್ಪನ ಬಸ್ಸಿನಲ್ಲೇ ವಾಪಸ್ ಬಂದಿತ್ತು. ರಾತ್ರಿ ಊಟಕ್ಕೆ ಕೂತಾಗ ಅವನು ನನ್ನ ಕಡೆ ನೋಡದೆ, ನಿಮ್ಮ ಕಂಪನಿಯಲ್ಲಿ ಇಸ್ಪೀಟಿನ ಎಲೆ ಇವೆಯೇ ಎಂದು ಕೇಳಿದ. ಎಲೆ ಇಲ್ಲ, ಪಣವಿಲ್ಲ, ಗೆದ್ದವರಿಗೆ ಏನೂ ಕೊಡುವುದಿಲ್ಲ ಎಂದೆ. ಅಪ್ಪ ನಿರಾಳವಾಗಿ ರೊಟ್ಟಿ ಮುರಿದ. ಆಮೇಲೆ ತುತ್ತು ಕೈಯಲ್ಲೇ ನಿಂತಿತು.

"ಗೆದ್ದವ್ರಿಗೂ ಏನೂ ಸಿಗಲ್ಲಂದ್ರ ಮಂದಿ ಯಾಕ ಆಡ್ತಾರ? ಮಂದಿ ಆಡಲಿಲ್ಲಂದ್ರ ಕಂಪನಿ ಹ್ಯಾಂಗ ನಡೀತದ?"

ಅತ್ತಿ ಒಳಗಿನಿಂದ, ನಾನು ಆಡುವುದಿಲ್ಲವೇ, ನನಗೇನು ಸಿಗುತ್ತದೆ ಎಂದಳು. ಅದರಿಂದ ಅಪ್ಪನ ಚಿಂತೆ ಕಡಿಮೆಯಾಗಲಿಲ್ಲ.

ಸಂದರ್ಶನದ ದಿನ ಟ್ಯಾಂಕರ್ ಬರುವುದಿಲ್ಲ ಎಂದುಕೊಂಡಿದ್ದೆ. ಹಿಂದಿನ ದಿನವಷ್ಟೇ ಬಂದಿತ್ತು. ಹಾಗಾಗಿ ನಾನು ನಿಶ್ಚಿಂತೆಯಿಂದ ಮುಂದಿನ ಕೋಣೆಯನ್ನು ಸಿದ್ಧಮಾಡಿದೆ. ಹಿಂದಿದ್ದ ನೀರಿನ ಡ್ರಮ್ಮುಗಳು ಕಾಣದ ಹಾಗೆ ಅವ್ವನ ಒಳ್ಳೆಯ ಸೀರೆಯನ್ನು ಹಗ್ಗದ ಮೇಲೆ ಇಳಿಬಿಟ್ಟೆ. ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬಿಗೆ ಒರಗಿಸಿದೆ. ಸಿಗ್ನಲ್ ಸಿಗುವುದು ಕಿಟಕಿಯ ಎಡಗಡೆಯ ಮೂಲೆಯಲ್ಲಿ ಮಾತ್ರ, ಅಲ್ಲಿ ಫೋನನ್ನು ಇಟ್ಟು, ಯಾರೂ ಮುಟ್ಟಬಾರದೆಂದು ಅತ್ತಿಗೆ ಹೇಳಿದೆ. ಅಪ್ಪ ಡ್ಯೂಟಿಗೆ ಹೋಗಿದ್ದ. ಅವ್ವ ಅಂಗನವಾಡಿಯಲ್ಲಿದ್ದಳು, ಅದು ಅವಳ ಕೆಲಸ.

ಕರೆ ಬಂತು. ಆ ಕಡೆ ಇಬ್ಬರಿದ್ದರು. ಕನ್ನಡಕದ ಮೇಡಂ ಒಬ್ಬರು, ಕಂಪನಿಗೆ ಅವರೇ ಹಿರಿಯರು. ಅವರ ಪಕ್ಕದಲ್ಲಿ ದಟ್ಟ ಗಡ್ಡದವನೊಬ್ಬ, ತಪ್ಪು ಹುಡುಕುವವರ ಮುಖ್ಯಸ್ಥ. ಇಬ್ಬರೂ ಹೈದರಾಬಾದಿನ ಹಿಂದಿಯಲ್ಲಿ ಮಾತಾಡಿಸಿದರು. ನಮ್ಮ ಕಡೆಯ ಹಿಂದಿಗೂ ಅವರದಕ್ಕೂ ಹೆಚ್ಚು ಅಂತರವಿಲ್ಲದ್ದರಿಂದ ನನಗೆ ಧೈರ್ಯ ಬಂತು. ಒಂದು ಆಟ ಕೆಟ್ಟಿದೆ ಎಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಗಡ್ಡದವನು ಕೇಳಿದ. ನಾನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದನ್ನು ಶುರುಮಾಡಿ ಅರ್ಧಕ್ಕೆ ಬಂದಿದ್ದೆ. ಆಗ ಓಣಿಯಲ್ಲಿ ಹಾರ್ನ್ ಕೇಳಿಸಿತು.

ಅತ್ತಿ ಸೀರೆಯ ಪರದೆಯನ್ನು ಎತ್ತಿಕೊಂಡೇ ಒಳಗೆ ಬಂದಳು.

"ಏ ಪೋರಿ, ಟ್ಯಾಂಕರ್ ಬಂತು. ನಿನ್ನಿಂದು ಎಲ್ಲ ತೀರ್ಯದ, ಮನ್ಯಾಗ ಹನಿ ನೀರಿಲ್ಲ. ನಡಿ."

ಡ್ರಮ್ಮುಗಳು, ಅವುಗಳ ಮೇಲೆ ಒಣಗಲು ಹಾಕಿದ್ದ ಅಪ್ಪನ ಬನಿಯನ್, ಎಲ್ಲವೂ ಹೈದರಾಬಾದಿಗೆ ಕಾಣಿಸಿದವು. ನಾನು ಕ್ಷಮೆ ಕೇಳಿ, ನೀರು ಬಂದಿದೆ, ಅಪ್ಪನ ಅಕ್ಕನಿಗೆ ಕೊಡ ಹೊರಲು ಆಗುವುದಿಲ್ಲ, ಆಮೇಲೆ ಇನ್ನೊಂದು ದಿನ ಮಾತಾಡಬಹುದೇ ಎಂದೆ. ಮೇಡಂ ಕನ್ನಡಕ ಸರಿಮಾಡಿಕೊಂಡು, ಆಟದಲ್ಲಿ ಬರುವ ಟ್ಯಾಂಕರ್ ಇದೇನಾ ಎಂದು ಕೇಳಿದರು. ಇದೇ ಎಂದೆ. ಹಾಗಾದರೆ ಹೋಗಿ ತುಂಬಿಕೊಂಡು ಬಾ, ನಾವು ಕಾಯುತ್ತೇವೆ ಎಂದರು. ಕೊಡ ತೆಗೆದುಕೊಂಡು ಓಡಿದೆ.

ವಿಹಾರದ ಮುಂದೆ ಕೊಡಗಳ ಪಾಳಿ ಆಗಲೇ ತಿರುವಿನವರೆಗೆ ಬೆಳೆದಿತ್ತು. ಕೊನೆಯಲ್ಲಿ ನಿಂತು ಚಡಪಡಿಸುತ್ತಿದ್ದೆ. ಮುಂದೆ ನಿಂತಿದ್ದ ಬಳೆಯ ಅಕ್ಕ ತಿರುಗಿ, ಸಿಂಗಾರ ಮಾಡಿಕೊಂಡು ನೀರಿಗೆ ಬಂದದ್ದೇಕೆ ಎಂದು ಕೇಳಿದಳು. ತಿಂಗಳ ಮೇಲೆ ಅವಳು ನಮ್ಮ ಮನೆಯವರ ಜೊತೆ ಆಡಿದ ಮೊದಲ ಮಾತು ಅದು. ನೌಕರಿಯ ಸಂದರ್ಶನ ನಡೆದಿದೆ, ಅವರು ಕಂಪ್ಯೂಟರಿನಲ್ಲಿ ಕಾಯುತ್ತಿದ್ದಾರೆ ಎಂದೆ. ಅವಳು ಸೊಂಟದ ಮೇಲೆ ಕೈಯಿಟ್ಟು, ಹುಡುಗಿಗೆ ನೌಕರಿ ಇದೆ, ಮುಂದೆ ಬಿಡಿರಿ ಎಂದು ಕೂಗಿದಳು. ನನ್ನ ಕೊಡ ಕೈಯಿಂದ ಕೈಗೆ ಮುಂದೆ ಹೋಯಿತು. ಆ ಓಣಿಯ ಇತಿಹಾಸದಲ್ಲಿ ಹಾಗೆ ಆದದ್ದು ಅದೊಂದೇ ಸಲ. ಆದರೆ ದಾಟಿ ಹೋಗುವಾಗ ಒಬ್ಬೊಬ್ಬರೂ ನನ್ನನ್ನು ನಿಲ್ಲಿಸಿ ಕೇಳಿದರು. ಯಾವ ಊರು, ಸರ್ಕಾರದ್ದೋ ಖಾಸಗಿಯೋ, ಏನೇನು ಕೇಳಿದರು, ನೀನು ಏನು ಹೇಳಿದೆ, ಹಾಗೆ ಯಾಕೆ ಹೇಳಿದೆ. ಪಾಳಿಯಲ್ಲಿ ನಿಂತಿದ್ದರೆ ಇದಕ್ಕಿಂತ ಬೇಗ ಆಗುತ್ತಿತ್ತು.

ಮೈಯೆಲ್ಲ ನೆನೆದು, ಕೊಡ ಹೊತ್ತು ಮನೆಗೆ ಬಂದರೆ ಒಳಗಿನಿಂದ ಅತ್ತಿಯ ದನಿ ಕೇಳಿಸುತ್ತಿತ್ತು. ಅವಳು ನನ್ನ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಔರಾದ ಸಂತೆಯಲ್ಲಿ ಕಲಿತ ದಖ್ಖನಿಯಲ್ಲಿ ಮೇಡಮ್ಮಿಗೆ ಲೋಕಜ್ಞಾನ ಹೇಳುತ್ತಿದ್ದಳು.

"ತುಮಾರೆ ಗೇಮ್ ಮೆ ಟ್ಯಾಂಕರ್ ರೋಜ್ ಆತಾ. ರೋಜ್ ಕೌನ್ ಭೇಜ್ತಾ ಬಾಯಿ? ಹಮಕು ಭೀ ಬತಾವ್."

ಆಟದಲ್ಲಿ ಟ್ಯಾಂಕರ್ ದಿನವೂ ಬರುವಂತೆ ಮಾಡಿದ್ದು ನಾನು. ದಿನಾ ಕಳಿಸುವ ಆ ಪುಣ್ಯಾತ್ಮ ಯಾರು ಅಮ್ಮಾ, ನಮಗೂ ತಿಳಿಸಿ ಎಂಬುದು ಅತ್ತಿಯ ಪ್ರಶ್ನೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು, ನಗುತ್ತಿದ್ದರೆಂದು ಆಮೇಲೆ ತಿಳಿಯಿತು. ಗಡ್ಡದವನು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದ. ಬೇಳೆ ಹೊತ್ತಿದರೆ ಆಟ ಯಾಕೆ ಮುಗಿಯಬೇಕು, ಹೊತ್ತಿದ ಬೇಳೆಯನ್ನು ಗಂಡನ ಮನೆಯವರು ಉಣ್ಣುವುದಿಲ್ಲವೇ ಎಂದೂ ಅವಳು ಕೇಳಿ ಆಗಿತ್ತಂತೆ. ತನ್ನ ಊರಿನಲ್ಲಿ ಟ್ಯಾಂಕರ್ ಬಾರದೆ ಜನ ಬಂಡಿಯ ಮೇಲೆ ಡ್ರಮ್ಮು ಹೇರಿಕೊಂಡು ನೀರಿಗೆ ಹೋಗುತ್ತಿದ್ದುದನ್ನೂ, ಆ ಬಂಡಿಯ ಎತ್ತು ದಾರಿಯಲ್ಲಿ ತಂದ ನೀರನ್ನೇ ಕುಡಿದುಬಿಡುತ್ತಿದ್ದುದನ್ನೂ ವಿವರಿಸಿದ್ದಳು.

ನಾನು ಅತ್ತಿಯನ್ನು ಎಬ್ಬಿಸಿ ಕೂತೆ. ತಲೆಯಿಂದ ನೀರು ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಗಡ್ಡದವನು, ನಿಮ್ಮ ಉತ್ತರ ಅರ್ಧಕ್ಕೆ ನಿಂತಿತ್ತು, ಆಟ ಕೆಟ್ಟಿದೆ ಎಂದು ಹೇಗೆ ತಿಳಿಯುತ್ತದೆ ಎಂದು ಮತ್ತೆ ಕೇಳಿದ. ಬಾಯಿಪಾಠ ಮಾಡಿದ್ದೆಲ್ಲ ಟ್ಯಾಂಕರಿನ ಹತ್ತಿರವೇ ಮರೆತು ಹೋಗಿತ್ತು. ಅತ್ತಿಗೆ ಕೊಡುತ್ತೇನೆ, ಅವಳು ಎದ್ದು ಹೋದರೆ ಕೆಟ್ಟಿದೆ ಎಂದು ಅರ್ಥ ಎಂದೆ.

ಕೆಲವು ದಿನಗಳ ಮೇಲೆ ಬಂದ ಇಮೇಲಿನಲ್ಲಿ, ಮುಂದಿನ ಸುತ್ತಿಗೆ ಹೈದರಾಬಾದಿನ ಕಚೇರಿಗೆ ಬರಬೇಕು, ದಯವಿಟ್ಟು ಈ ಸಲ ನೀವು ಒಬ್ಬರೇ ಉತ್ತರಿಸಬೇಕು ಎಂದು ಬರೆದಿದ್ದರು. ಓದಿ ಹೇಳಿದಾಗ ಅತ್ತಿಗೆ ಸಿಟ್ಟು ಬಂತು. ಕೆಲಸವಾಗುವವರೆಗೆ ಬಾಯಿ ಬಾಯಿ ಅಂತ ಮರ್ಯಾದೆಯಿಂದ ಮಾತಾಡಿಸಿದರು, ಈಗ ನೋಡು ಎಂದು ಎರಡು ದಿನ ಲ್ಯಾಪ್‌ಟಾಪ್ ಮುಟ್ಟಲಿಲ್ಲ.

ಅಪ್ಪ ರಜೆ ಹಾಕಿ ಜೊತೆಗೆ ಬಂದ. ಭಾಲ್ಕಿಯಲ್ಲಿ ರೈಲು ಹತ್ತಿದರೆ ಬೋಗಿಯ ತುಂಬ ಔರಾದ ಕಡೆಯವರು, ಅರ್ಧಕ್ಕರ್ಧ ಅಪ್ಪನ ಬಸ್ಸಿನಲ್ಲೇ ಬಂದು ಇಳಿದವರು. ಅವರನ್ನು ಕೆಲಸಕ್ಕೆ ಕರೆದೊಯ್ಯುವ ಮುಕಾದಮ ನಮಗೆ ಜಾಗ ಮಾಡಿಕೊಟ್ಟ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಫೋನು. ನಿಮ್ಮ ಮಗಳು ಯಾವ ಕೆಲಸಕ್ಕೆ ಹೊರಟಿದ್ದಾಳೆ ಎಂದು ಅಪ್ಪನನ್ನು ಕೇಳಿದ. ಜೂಜಿನ ಸುದ್ದಿ ಇಲ್ಲಿಗೂ ಬಂದಿರಬಹುದು ಎಂಬ ಹೆದರಿಕೆಯಿಂದಲೋ ಏನೋ, ಅಪ್ಪ ಆಟ ಎಂಬ ಮಾತನ್ನೇ ಎತ್ತದೆ, ತಪ್ಪು ಹುಡುಕುವ ಕೆಲಸ ಎಂದ.

ಮುಕಾದಮ ಅದನ್ನು ಸಹಜವಾಗಿ ತೆಗೆದುಕೊಂಡ.

"ಮಂದಿ ಬೇಕಾದ್ರ ಹೇಳ್ರಿ ಕಂಡಕ್ಟರ್ ಸಾಹೇಬ್ರ. ತಪ್ಪು ಹುಡುಕೋದು ನಮ್ಮ ಗ್ಯಾಂಗಿನಾಗ ಎಲ್ಲಾರಿಗಿ ಬರ್ತದ."

ಬೋಗಿಯಲ್ಲಿ ಎಲ್ಲರೂ ನಕ್ಕರು. ಆದರೆ ಅವನು ನನ್ನ ಫೋನ್ ನಂಬರ್ ತೆಗೆದುಕೊಂಡೇ ಬಿಟ್ಟ. ಮುಂದೆ ಅನೇಕ ತಿಂಗಳು, ನಿಮ್ಮಲ್ಲಿ ಕೆಲಸ ಶುರುವಾಯಿತೇ ಎಂದು ವಿಚಾರಿಸುತ್ತಿದ್ದ.

ಕಚೇರಿ ಒಂದು ದೊಡ್ಡ ಕಟ್ಟಡದ ಮೇಲಿನ ಅಂತಸ್ತಿನಲ್ಲಿತ್ತು. ಅಪ್ಪ ಕೆಳಗೆ ಕಾವಲುಗಾರನ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತ. ಗಡ್ಡದವನು ನನ್ನನ್ನು ಒಂದು ದೊಡ್ಡ ಪರದೆಯ ಮುಂದೆ ಕೂರಿಸಿ, ಇನ್ನೂ ಹೊರಗೆ ಬಾರದ ಆಟವೊಂದನ್ನು ತೆರೆದ. ಹಳೆಯ ಕೋಟೆ, ಕೈಯಲ್ಲಿ ಕತ್ತಿ ಹಿಡಿದ ಒಬ್ಬ ವೀರ. ಊಟದ ಹೊತ್ತಿನವರೆಗೆ ಆಡಿ, ಕಂಡ ತಪ್ಪುಗಳನ್ನು ಹೇಳಬೇಕು ಎಂದು ಹೋದ.

ನನಗೆ ಅಂಥ ಒಳ್ಳೆಯ ಯಂತ್ರದ ಅಭ್ಯಾಸವಿರಲಿಲ್ಲ. ಕೈಗೆ ಕೊಟ್ಟ ಜಾಯ್‌ಸ್ಟಿಕ್ಕಿನ ಕಡ್ಡಿ ಜರಾ ತಿರುಗಿಸಿದರೆ ವೀರ ಓಡಿಬಿಡುತ್ತಿದ್ದ. ಶತ್ರುಗಳ ಮುಖ ನೋಡುವ ಮೊದಲೇ ಅವನು ಕೋಟೆಯ ಅಂಗಳ ದಾಟಿ, ಅಲ್ಲಿದ್ದ ಬಾವಿಯಲ್ಲಿ ಬಿದ್ದ. ಜಿಗಿಸಿದೆ, ಬರಲಿಲ್ಲ. ಗೋಡೆ ಹತ್ತಿಸಿದೆ, ಜಾರಿದ. ಎಲ್ಲ ಗುಂಡಿಗಳನ್ನೂ ಒತ್ತಿದೆ, ನೀರಿನೊಳಗೆ ನಿಂತು ಕತ್ತಿ ಬೀಸಿದ. ಮೊದಲಿನಿಂದ ಶುರುಮಾಡುವುದು ಹೇಗೆಂದು ನನಗೆ ಗೊತ್ತಿಲ್ಲ. ಯಾರನ್ನಾದರೂ ಕರೆದು ಕೇಳೋಣವೆಂದರೆ, ಆಟವಾಡಲು ಬಾರದವಳು ಆಟದ ಕೆಲಸಕ್ಕೆ ಬಂದಿದ್ದಾಳೆ ಎಂದಾರು ಎಂದು ನಾಚಿಕೆ.

ಹಾಗಾಗಿ ನಾನೂ ಆ ವೀರನೂ ಬಾವಿಯಲ್ಲೇ ಉಳಿದೆವು. ಬಾವಿ ಮಾತ್ರ ಚೆನ್ನಾಗಿತ್ತು. ಕಲ್ಲಿನ ಮೆಟ್ಟಿಲು, ಸಂದಿಯಲ್ಲಿ ಹಸಿರು ಹುಲ್ಲು, ನೀರಿನ ಮೇಲೆ ಆಕಾಶದ ಬಿಂಬ ಅಲುಗಾಡುತ್ತಿತ್ತು. ಅಷ್ಟು ನೀರನ್ನು ಒಂದೇ ಕಡೆ ನೋಡಿ ನನಗೆ ಬಹಳ ಕಾಲವಾಗಿತ್ತು. ಸುಮ್ಮನೆ ನೋಡುತ್ತ ಕೂತೆ. ನಡುನಡುವೆ ಯಾರಾದರೂ ಹಿಂದಿನಿಂದ ಹಾಯ್ದರೆ ಕತ್ತಿ ಬೀಸಿಸುತ್ತಿದ್ದೆ.

ಊಟದ ಹೊತ್ತಿಗೆ ಗಡ್ಡದವನೂ ಮೇಡಮ್ಮೂ ಬಂದರು. ಏನೇನು ಸಿಕ್ಕಿತು ಎಂದು ಕೇಳಿದರು. ಬಾವಿಯಲ್ಲಿ ಬಿದ್ದೆ, ಹೊರಗೆ ಬರಲು ಆಗಲಿಲ್ಲ, ಬೇರೇನೂ ನೋಡಿಲ್ಲ ಎಂದು ಒಪ್ಪಿಕೊಂಡು ಚೀಲ ಕೈಗೆತ್ತಿಕೊಂಡೆ. ಗಡ್ಡದವನು ಪರದೆಯ ಹತ್ತಿರ ಬಗ್ಗಿದ. ಕಡ್ಡಿ ತೆಗೆದುಕೊಂಡು ತಾನೂ ಜಿಗಿಸಿ ನೋಡಿದ. ಆಮೇಲೆ ಇನ್ನಿಬ್ಬರನ್ನು ಕರೆದ, ಅವರೂ ಜಿಗಿಸಿದರು, ವೀರ ಮೇಲೆ ಬರಲಿಲ್ಲ. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ. ಆ ಬಾವಿಯೊಳಗೆ ಯಾರೂ ಬೀಳುವುದಿಲ್ಲ ಎಂದು ಅವರೆಲ್ಲ ತಿಳಿದಿದ್ದರಂತೆ. ಕೋಟೆಯಲ್ಲಿ ಅಷ್ಟು ಯುದ್ಧ ನಡೆಯುತ್ತಿರುವಾಗ ಬಾವಿಯ ಹತ್ತಿರ ಹೋಗುವ ಬುದ್ಧಿ ಇಷ್ಟು ದಿನ ಯಾರಿಗೂ ಬಂದಿರಲಿಲ್ಲ. ಮೇಡಂ, ಅಷ್ಟು ಹೊತ್ತು ಬಾವಿಯಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದರು. ನೀರು ನೋಡುತ್ತಿದ್ದೆ, ನೀರು ಅಲುಗಾಡುತ್ತದೆ, ಆದರೆ ಅವನ ಕಾಲು ಹಸಿಯಾಗುವುದಿಲ್ಲ ಎಂದೆ. ಗಡ್ಡದವನು ಅದನ್ನೂ ಬರೆದುಕೊಂಡ.

ಹಾಗೆ ನನಗೆ ಕೆಲಸ ಸಿಕ್ಕಿತು. ಕೆಳಗಿಳಿದು ಅಪ್ಪನಿಗೆ ಹೇಳಿದೆ. ಯಾವ ಪ್ರಶ್ನೆಗೆ ಸರಿ ಉತ್ತರ ಕೊಟ್ಟೆ ಎಂದು ಕೇಳಿದ. ಬಾವಿಗೆ ಬಿದ್ದೆ ಎಂದೆ. ಅಪ್ಪ ನನ್ನ ಕೈಕಾಲು ನೋಡಿದ.

ಶುರುವಿನ ತಿಂಗಳುಗಳಲ್ಲಿ ನನಗೆ ಕೊಟ್ಟದ್ದು ಗೋಡೆಗಳನ್ನು. ಕೋಟೆಯ ಪ್ರತಿ ಗೋಡೆಗೂ ಆ ವೀರನನ್ನು ಓಡಿಸಿಕೊಂಡು ಹೋಗಿ ಹಾಯಿಸಬೇಕು, ಅಂದರೆ ಡಿಕ್ಕಿ ಹೊಡೆಸಬೇಕು, ಎಲ್ಲಾದರೂ ಗೋಡೆಯೊಳಗೆ ತೂರಿ ಹೋದರೆ ತಿಳಿಸಬೇಕು. ಏನು ಕೆಲಸ ಮಾಡುತ್ತಿ ಎಂದು ಅತ್ತಿ ಫೋನಿನಲ್ಲಿ ಕೇಳಿದಾಗ, ಬಿಡಿಸಿ ಹೇಳುವ ತ್ರಾಣವಿರದೆ, ದಿನಾ ಗೋಡೆ ನೋಡುವ ಕೆಲಸ ಎಂದೆ. ಅತ್ತಿ ಅದನ್ನು ಓಣಿಗೆಲ್ಲ ಹೇಳಿದಳು. ನಮ್ಮ ಪೋರಿ ಹೈದರಾಬಾದದಾಗ ಗ್ವಾಡಿ ಕೆಲಸಕ್ಕ ಹತ್ತ್ಯಾಳ. ಆ ವರ್ಷ ನಮ್ಮ ಜಿಲ್ಲೆಯಿಂದ ಹೈದರಾಬಾದಿಗೆ ಹೋದವರೆಲ್ಲರೂ ಗೋಡೆ ಕೆಲಸಕ್ಕೇ ಹೋಗಿದ್ದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ಅಷ್ಟು ಓದಿಸಿ ಗಾರೆ ಹೊರಲು ಕಳಿಸಿದರಲ್ಲ ಎಂದು ಮಾಸ್ತರರ ಹೆಂಡತಿ ಅವ್ವನ ಮುಂದೆ ಮರುಗಿದಳಂತೆ. ಔರಾದಿನಿಂದ ನನ್ನನ್ನು ನೋಡಲು ಬರಬೇಕಿದ್ದ ವರನ ಕಡೆಯವರು ಸುದ್ದಿ ಕೇಳಿ ಬರಲಿಲ್ಲ. ಅದಕ್ಕೆ ಮಾತ್ರ ನಾನು ಅತ್ತಿಗೆ ಇವತ್ತಿಗೂ ಋಣಿ.

ಒಂದು ಭಾನುವಾರ ಅತ್ತಿಯ ದೊಡ್ಡ ಮಗ ನನ್ನ ಹಾಸ್ಟೆಲ್ ಹುಡುಕಿಕೊಂಡು ಬಂದ. ಅವನು ಊರ ಹೊರಗೆ ಯಾವುದೋ ದೊಡ್ಡ ಕಟ್ಟಡದಲ್ಲಿ ಪ್ಲಾಸ್ಟರ್ ಕೆಲಸ ಮಾಡುತ್ತಿದ್ದ. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ. ಸಿಮೆಂಟಿಗೆ ಅಂಗೈ ಸೀಳುತ್ತದೆ, ಮಲಗುವ ಮೊದಲು ಹಚ್ಚಿಕೋ ಎಂದು ಕೊಟ್ಟ. ಆಮೇಲೆ ನನ್ನ ಅಂಗೈ ನೋಡಿ, ನಿಮ್ಮ ಸೈಟಿನಲ್ಲಿ ಕೈಗವಸು ಕೊಡುತ್ತಾರಾ ಎಂದು ಕೇಳಿದ. ನಾನು ಅವನನ್ನು ಕರೆದುಕೊಂಡು ಹೋಗಿ ಕಚೇರಿ ತೋರಿಸಿದೆ. ರಜೆಯ ದಿನ, ಗಡ್ಡದವನೊಬ್ಬನೇ ಇದ್ದ. ಅತ್ತಿಯ ಮಗ ನನ್ನ ಕುರ್ಚಿಯಲ್ಲಿ ಕೂತು, ವೀರನನ್ನು ಒಂದೆರಡು ಗೋಡೆಗೆ ಹಾಯಿಸಿ ನೋಡಿದ. ಇಳಿಯುವಾಗ, "ಕೂತು ಮಾಡೋ ಗ್ವಾಡಿ ಕೆಲಸ ಛಲೋ ಅದ ಪೋರಿ, ಬಿಡಬ್ಯಾಡ," ಎಂದ. ಎಣ್ಣೆಯ ಬಾಟಲಿ ವಾಪಸ್ ಒಯ್ಯಲಿಲ್ಲ. ತಲೆಗೆ ಹಚ್ಚಿಕೊಂಡೆ.

ಮುಂದಿನ ವರ್ಷ ಮಳೆ ಬಂತು. ಎಷ್ಟು ಬಂತೆಂದರೆ ಟ್ಯಾಂಕರಿಗೆ ಶಾಪ ಹಾಕುತ್ತಿದ್ದ ಓಣಿಯವರು ಈಗ ಮಳೆಗೆ ಶಾಪ ಹಾಕತೊಡಗಿದರು. ಅತ್ತಿಯ ಮಕ್ಕಳು ಬಿತ್ತನೆಗೆ ವಾಪಸ್ ಬಂದರು, ಅತ್ತಿ ಔರಾದ ಬಸ್ಸು ಹತ್ತಿದಳು. ಹೋಗುವಾಗ ಬಳೆಯ ಅಕ್ಕ ಅವಳ ಎರಡೂ ಕೈಗೆ ಹಸಿರು ಬಳೆ ಇಟ್ಟು, ಮತ್ತೆ ಬಾ, ನೀನಿಲ್ಲದೆ ಬೇಜಾರಾಗುತ್ತದೆ ಎಂದಳಂತೆ.

ಕೋಟೆಯ ಆಟ ಆ ಮಳೆಗಾಲದಲ್ಲೇ ಹೊರಬಂತು. ಅದನ್ನು ಮಾಡಿದವರೆಲ್ಲರ ಹೆಸರು ಕೊನೆಯಲ್ಲಿ ಪರದೆಯ ಮೇಲೆ ಸಾಲಾಗಿ ಬರುತ್ತದೆ, ನನ್ನದೂ ಇದೆ ಎಂದು ಮನೆಗೆ ತಿಳಿಸಿದ್ದೆ. ರಜೆಗೆ ಭಾಲ್ಕಿಗೆ ಹೋದರೆ ಅಪ್ಪ ಪಕ್ಕದ ಮನೆಯವರನ್ನೂ ಕರೆದು ಚಾಪೆ ಹಾಸಿದ್ದ. ನಾನು ಯೋಚಿಸದೇ ಇದ್ದ ಸಂಗತಿಯೆಂದರೆ, ಹೆಸರು ಬರಬೇಕಾದರೆ ಆಟ ಗೆಲ್ಲಬೇಕು. ಗೋಡೆಗೆ ಹಾಯುವುದರಲ್ಲಿ ಪಳಗಿದ್ದ ನನಗೆ ಯುದ್ಧದ ಅಭ್ಯಾಸವೇ ಇರಲಿಲ್ಲ. ಎಲ್ಲರೆದುರು ಸತ್ತೆ, ಮತ್ತೆ ಎದ್ದೆ, ಮತ್ತೆ ಸತ್ತೆ. ಬಳೆಯ ಅಕ್ಕ ಎದ್ದು ಹೋಗಿ ಅನ್ನಕ್ಕಿಟ್ಟು ಬಂದಳು. ಅಪ್ಪ ತೂಕಡಿಸಿದ. ಸಂಜೆಯ ಹೊತ್ತಿಗೆ ಕೊನೆಗೂ ಶತ್ರು ಬಿದ್ದ, ಹೆಸರುಗಳು ಪರದೆಯಲ್ಲಿ ಮೇಲೇರತೊಡಗಿದವು. ಅಪ್ಪನನ್ನು ಎಬ್ಬಿಸುವಷ್ಟರಲ್ಲಿ ನನ್ನದು ಮೇಲಕ್ಕೆ ಹೋಗಿತ್ತು. ಅವ್ವ ಮಾತ್ರ ನೋಡಿದಳು. ನನ್ನ ಹೆಸರಿನ ಮೇಲೆ ಇದ್ದವರು ಯಾರು ಎಂದು ಕೇಳಿದಳು. ಕೋಟೆಯಲ್ಲಿ ಬೀಸುವ ಗಾಳಿಯ ಸಪ್ಪಳ ಮಾಡಿದವರು ಎಂದೆ.

"ಸಪ್ಪಳ ಮಾಡ್ಲಿಕ್ಕೂ ನೌಕರಿ ಅದ ಏನು?"

ಇದೆ ಎಂದೆ. ಅವ್ವ, ಭಾತಂಬ್ರಾದಲ್ಲಿರುವ ಸೋದರಮಾವನ ಮಗ ದಿನವಿಡೀ ಕೂತು ಬಾಯಲ್ಲಿ ಟ್ರ್ಯಾಕ್ಟರಿನ ಸಪ್ಪಳ ತೆಗೆಯುತ್ತಾನೆ, ಮೂವತ್ತು ಹತ್ತಿರ ಬಂತು, ಅವನದೇನಾದರೂ ಆಗುತ್ತದೆಯೇ ವಿಚಾರಿಸು ಎಂದಳು. ವಾಪಸ್ ಹೋಗಿ ವಿಚಾರಿಸಿದೆ. ಒಂದು ತುಣುಕು ಧ್ವನಿ ಮುದ್ರಿಸಿ ಕಳಿಸಲಿ ಎಂದರು. ಅವನಿಗೆ ಹೇಳಿ ಬಹಳ ದಿನವಾಯಿತು. ಏರು ಹತ್ತುವಾಗ ಗೇರ್ ಬದಲಿಸುವ ಸಪ್ಪಳ ಇನ್ನೂ ಬರೋಬರಿ ಬರುತ್ತಿಲ್ಲ, ಬಂದ ಮೇಲೆ ಕಳಿಸುತ್ತೇನೆ ಎನ್ನುತ್ತಿದ್ದಾನೆ.